ಮುಚ್ಚಳ ತಿರುಗಿಸುವ ಪುಟ್ಟ ಕೈಗಳು

ಕೆಲವು ವರ್ಷಗಳ ಹಿಂದಿನ ಒಂದು ಸಂಜೆ. ಹರಿಹರದಿಂದ ಅಜ್ಜಿಯೊಬ್ಬರು ಎರಡು ವರ್ಷದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ದಾವಣಗೆರೆಯ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಮಗು ಏದುಸಿರು ಬಿಡುತ್ತಿತ್ತು. ಬಾಯಿಂದ ಗಂಧಪುರ ತೈಲದ ವಾಸನೆ ಬರುತ್ತಿತ್ತು. ಅವರ ಕೈಯಲ್ಲಿದ್ದ ಸೀಸೆಯನ್ನು ಕಂಡೊಡನೆ ನಮಗೆ ಗುರುತು ಹತ್ತಿತು. ಮೊಣಕಾಲು ನೋವಿಗೆಂದು ಅದನ್ನು ಅವರಿಗೆ ಕೊಟ್ಟವರು ನಾವೇ. "ಡಾಕ್ಟ್ರೇ, ನೀವು ಕೊಟ್ಟ ಎಣ್ಣೀನ ಕುಡ್ದಬಿಟ್ಟೈತ್ರಿ" ಎಂದರು. ಆ ಮಾತಿನಲ್ಲಿ ಆರೋಪವಿರಲಿಲ್ಲ, ಭಯವಷ್ಟೇ ಇತ್ತು. ಒಡನೆಯೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಮಗು ಚೇತರಿಸಿಕೊಂಡಿತು. ಆದರೆ ಹರಿಹರದ ಆಸ್ಪತ್ರೆಗೆ ಹೋಗಬೇಕಾದವರು ನಮ್ಮನ್ನು ನಂಬಿ ಸುಮಾರು 14 ಕಿ.ಮೀ. ಬಂದಿದ್ದರು. ಕಳೆದುಹೋದ ಆ ಹೊತ್ತು ಇಂದಿಗೂ ನಮ್ಮನ್ನು ಕಾಡುತ್ತದೆ.

ಗಂಧಪುರ ತೈಲವು ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್. ಅಪ್ಪಟ ತೈಲದ ಒಂದು ಟೀ ಚಮಚದಲ್ಲಿ, ಅಂದರೆ 5 ಮಿ.ಲೀ.ನಲ್ಲಿ, 325 ಮಿ.ಗ್ರಾಂ.ನ 20ಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗಳಿಗೆ ಸಮನಾದ ಸ್ಯಾಲಿಸಿಲೇಟ್ ಇರುತ್ತದೆ. ಪುಟ್ಟ ಮಗುವಿನ ಪ್ರಾಣಕ್ಕೆ ಅಷ್ಟು ಸಾಕು. ನಾವು ಕೊಟ್ಟ ಸೀಸೆಗಿದ್ದದ್ದು ಸಾಧಾರಣ ತಿರುಗಣೆ ಮುಚ್ಚಳ. ಬಾಟಲಿ ತೆರೆಯುವುದನ್ನು ಮಗು ದಿನವೂ ನೋಡುತ್ತದೆ, ನೋಡಿದ್ದನ್ನು ಮಾಡುತ್ತದೆ.

ಅಮೆರಿಕದಲ್ಲಿ ಇದಕ್ಕೆಂದೇ 1970ರಲ್ಲಿ ಒಂದು ಕಾಯಿದೆ ಬಂತು. ಮೀಥೈಲ್ ಸ್ಯಾಲಿಸಿಲೇಟ್ ಶೇ. 5ಕ್ಕಿಂತ ಹೆಚ್ಚಿರುವ ದ್ರವಗಳು, ವೈದ್ಯರ ಚೀಟಿಯ ಮೇಲೆ ಕೊಡುವ ಬಹುತೇಕ ಔಷಧಗಳು, ಟರ್ಪೆಂಟೈನ್, ಚರ್ಮ ಸುಡುವ ಕ್ಷಾರಗಳು ಮುಂತಾದವನ್ನು ಒತ್ತಿ ತಿರುಗಿಸುವಂಥ, ಮಕ್ಕಳ ಕೈಗೆ ಸುಲಭವಾಗಿ ತೆರೆಯದ ಮುಚ್ಚಳದೊಡನೆಯೇ ಮಾರಬೇಕು. ಮುಚ್ಚಳವನ್ನು ಪರೀಕ್ಷಿಸುವ ಕ್ರಮವೂ ಸ್ವಾರಸ್ಯಕರ. 42ರಿಂದ 51 ತಿಂಗಳ ಮಕ್ಕಳ ಕೈಗೆ ಖಾಲಿ ಡಬ್ಬಿ ಕೊಟ್ಟು 5 ನಿಮಿಷ ಬಿಡುತ್ತಾರೆ. ತೆರೆಯದವರಿಗೆ ಹೇಗೆ ತೆರೆಯುವುದೆಂದು ತೋರಿಸಿ, ಹಲ್ಲನ್ನೂ ಬಳಸಬಹುದೆಂದು ಹೇಳಿ, ಇನ್ನೂ 5 ನಿಮಿಷ ಕೊಡುತ್ತಾರೆ. ನೂರಕ್ಕೆ 80 ಮಕ್ಕಳಾದರೂ ಸೋಲಬೇಕು. ಹಾಗೆಂದರೆ ತೇರ್ಗಡೆಯಾದ ಡಬ್ಬಿಯನ್ನೂ ಐವರಲ್ಲಿ ಒಂದು ಮಗು ತೆರೆದೀತು. ಅಂಥ ಮುಚ್ಚಳವೂ ನಮಗೆ ಸ್ವಲ್ಪ ಹೊತ್ತನ್ನು ಗಳಿಸಿಕೊಡುತ್ತದೆಯೇ ಹೊರತು ಬೀಗವಾಗುವುದಿಲ್ಲ.

ಅದೇ ಕಾಯಿದೆಯಲ್ಲಿ ವಿನಾಯಿತಿಗಳೂ ಇವೆ. ಎದೆನೋವು ಬಂದಾಗ ನಾಲಗೆಯ ಕೆಳಗಿಡುವ ನೈಟ್ರೋಗ್ಲಿಸರಿನ್ ಮಾತ್ರೆಗೆ ಇಂಥ ಮುಚ್ಚಳ ಬೇಕಿಲ್ಲ. ಆ ಕ್ಷಣದಲ್ಲಿ ರೋಗಿಯು ಡಬ್ಬಿಯೊಡನೆ ಹೆಣಗಬಾರದು. ಕೀಲುವಾತದ ವೃದ್ಧರು ಕೇಳಿದರೆ ಔಷಧದಂಗಡಿಯವರು ಸಾಧಾರಣ ಮುಚ್ಚಳವನ್ನೇ ಹಾಕಿಕೊಡಬಹುದು. ಚೀಟಿಯಿಲ್ಲದೆ ಮಾರುವ ಪದಾರ್ಥಗಳನ್ನು ಒಂದು ಅಳತೆಯಲ್ಲಿ ಮಾತ್ರ, "ಚಿಕ್ಕ ಮಕ್ಕಳಿಲ್ಲದ ಮನೆಗೆ" ಎಂಬ ಅರ್ಥದ ಸೂಚನೆಯೊಡನೆ, ಸುಲಭ ಮುಚ್ಚಳದಲ್ಲಿ ಮಾರಬಹುದು. ಇವೆಲ್ಲ ನ್ಯಾಯವೇ. ಆದರೆ ನಮ್ಮ ಸೀಮೆಯಲ್ಲಿ ಮಕ್ಕಳಿಲ್ಲದ ಮನೆ ಯಾವುದು? ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುತ್ತಾರೆ, ಪಕ್ಕದ ಮನೆಯ ಕೂಸು ಅಂಬೆಗಾಲಿಟ್ಟು ಒಳಗೆ ಬರುತ್ತದೆ. ಔಷಧ ಹೆಚ್ಚಾಗಿರುವುದೂ ಮಕ್ಕಳು ಹೆಚ್ಚು ಹೊತ್ತು ಕಳೆಯುವುದೂ ಅಜ್ಜ ಅಜ್ಜಿಯರ ಮಗ್ಗುಲಲ್ಲೇ.

ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ ಇಂಥ ಮುಚ್ಚಳದ ಸಾರ್ವತ್ರಿಕ ಕಡ್ಡಾಯವಿಲ್ಲ. ಆಯುರ್ವೇದ ಔಷಧಗಳ ಮಟ್ಟಿಗೆ, ವತ್ಸನಾಭಿ, ದತ್ತೂರ, ಗುಲಗಂಜಿಯಂಥ ವಿಷದ್ರವ್ಯಗಳ ಪಟ್ಟಿಯೊಂದು ಆ ನಿಯಮಗಳಲ್ಲಿದೆ. ಅವು ಸೇರಿದ, ಒಳಗೆ ಸೇವಿಸುವ ಔಷಧದ ಮೇಲೆ ವೈದ್ಯರ ನಿಗಾದಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆ ಇರಲೇಬೇಕು. ಆದರೆ ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿದ್ದರೆ ಸಾಕು. ಕನ್ನಡವೊಂದನ್ನೇ ಓದಬಲ್ಲ ಹರಿಹರದ ಆ ಅಜ್ಜಿಗೆ ಅದರಿಂದ ಏನು ಪ್ರಯೋಜನ? "ಗಿಡಮೂಲಿಕೆಯದು, ಏನೂ ಆಗದು" ಎಂಬ ಮಾತನ್ನು ಜನರ ಬಾಯಲ್ಲಿ ಬೆಳೆಸಿದ ತಪ್ಪಿನಲ್ಲಿ ನಮ್ಮ ವೃತ್ತಿಬಾಂಧವರ ಪಾಲೂ ಇದೆ ಎಂದು ಸಂಕೋಚವಿಲ್ಲದೆ ಒಪ್ಪುತ್ತೇವೆ.

ಔಷಧವಲ್ಲದ ಪದಾರ್ಥಗಳ ಸ್ಥಿತಿ ಇನ್ನೂ ಕಷ್ಟ. ತಳ್ಳುಗಾಡಿಯಲ್ಲಿ ಬರುವ ಫಿನಾಯಿಲು, ಬಚ್ಚಲು ತೊಳೆಯುವ ಆ್ಯಸಿಡ್ಡು ಕುಡಿಯುವ ನೀರಿನ ಹಳೆಯ ಬಾಟಲಿಗಳಲ್ಲೇ ಮನೆ ಸೇರುತ್ತವೆ. ಭದ್ರಾ ನಾಲೆಯ ಗದ್ದೆಗೆ ಹೊಡೆದು ಉಳಿದ ಕೀಟನಾಶಕವನ್ನು ತಂಪು ಪಾನೀಯದ ಸೀಸೆಗೆ ಬಗ್ಗಿಸಿಡುವ ರೈತರಿದ್ದಾರೆ. ಕೀಟನಾಶಕದ ಡಬ್ಬಿಯ ಮೇಲೆ ವಿಷದ ತೀವ್ರತೆ ತಿಳಿಸುವ ಬಣ್ಣದ ಗುರುತು ಇರುತ್ತದೆ. ಕೆಂಪು ಅತ್ಯಂತ ಘೋರವಾದುದು. ಸೀಸೆ ಬದಲಿಸಿದೊಡನೆ ಆ ಕೆಂಪು ಗುರುತು ಗದ್ದೆಯ ಬದುವಿನಲ್ಲೇ ಉಳಿಯುತ್ತದೆ.

ಜಗಲಿಯ ಮೇಲಿನ ಕರ್ಪೂರವನ್ನು ಮರೆಯಬೇಡಿ. ಮಗುವಿನ ಕಣ್ಣಿಗೆ ಅದು ಕಲ್ಲುಸಕ್ಕರೆ. ಒಂದು ಗ್ರಾಂನಷ್ಟು ನುಂಗಿದರೂ ಅಪಾಯ, ಕೆಲವೇ ನಿಮಿಷಗಳಲ್ಲಿ ಸೆಳವು ಬರಬಹುದು. ಗರ್ಭಿಣಿಯರಿಗೆ ಕೊಡುವ ಕೆಂಪು ಕಬ್ಬಿಣಾಂಶದ ಮಾತ್ರೆ ಒಂದರಲ್ಲಿ 60 ಮಿ.ಗ್ರಾಂ. ಕಬ್ಬಿಣವಿದೆ. ಐದನ್ನು ನುಂಗಿದರೆ 10 ಕಿಲೋ ತೂಕದ ಕೂಸಿಗೆ ಹಾನಿಯಾಗುತ್ತದೆ. ಮಕ್ಕಳಿಗೆ ಔಷಧ ಕುಡಿಸುವಾಗ "ಪೆಪ್ಪರ್‌ಮಿಂಟು, ತಿನ್ನಪ್ಪಾ" ಎಂದು ಪುಸಲಾಯಿಸುವುದನ್ನು ದಯವಿಟ್ಟು ಬಿಡಿ.

ಇಷ್ಟಾಗಿಯೂ ಮಗು ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ. ಉಪ್ಪುನೀರು ಬೇಡ, ಗಂಟಲಿಗೆ ಬೆರಳೂ ಬೇಡ. ಸೀಮೆಎಣ್ಣೆ ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿಯುತ್ತದೆ, ಆ್ಯಸಿಡ್ಡು ಅನ್ನನಾಳವನ್ನು ಎರಡನೆಯ ಬಾರಿ ಸುಡುತ್ತದೆ. ವಮನ ಚಿಕಿತ್ಸೆಯನ್ನು ಬಲ್ಲ ನಾವೇ ಇದನ್ನು ಹೇಳುತ್ತಿದ್ದೇವೆ. ವಮನಕ್ಕೆ ಅರ್ಹರಲ್ಲದವರಲ್ಲಿ ಚರಕ ಸಂಹಿತೆಯು ಬಾಲಕರನ್ನೂ ಹೆಸರಿಸಿದೆ. 108ಕ್ಕೆ ಕರೆ ಮಾಡಿ, ಸೀಸೆಯನ್ನೂ ಜೊತೆಗಿಟ್ಟುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿರಿ. ದೆಹಲಿಯ ಏಮ್ಸ್‌ನಲ್ಲಿರುವ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಆ ಸಂಜೆಯ ನಂತರ ನಾವು ನೋವಿನ ಎಣ್ಣೆಯನ್ನು ಒತ್ತಿ ತಿರುಗಿಸುವ ಮುಚ್ಚಳದ ಸೀಸೆಯಲ್ಲಿಯೇ ಕೊಡುತ್ತೇವೆ, ಮೇಲೆ ಕನ್ನಡದಲ್ಲಿ "ಹಚ್ಚಲು ಮಾತ್ರ" ಎಂದು ದಪ್ಪಕ್ಷರದಲ್ಲಿ ಬರೆಯುತ್ತೇವೆ. ಬೆರಳು ಸೊಟ್ಟಗಾದ ಹಿರಿಯರು ತೆರೆಯಲಾಗದೆ ಬೈದುಕೊಳ್ಳುವುದೂ ಉಂಟು. ಅವರಿಗೆ ಹಳೆಯ ಮುಚ್ಚಳವನ್ನೇ ಹಾಕಿಕೊಡುತ್ತೇವೆ. ಆದರೆ ಮೊದಲು ಅದನ್ನು ಮನೆಯಲ್ಲಿ ಎಲ್ಲಿಡುತ್ತೀರಿ ಎಂದು ಕೇಳುತ್ತೇವೆ. "ತಲೆದಿಂಬಿನ ಕೆಳಗೆ" ಎಂದರೆ ಕೊಡುವುದಿಲ್ಲ.