ಕೆಸರುಗದ್ದೆಯಿಂದ ಕಲ್ಚರ್ ಪ್ಲೇಟಿಗೆ

ಸಕ್ಕರೆ ಕಾಯಿಲೆಯಿರುವ ಕೃಷಿಕ. ಮಳೆಗಾಲದಲ್ಲಿ ಹಿಡಿದ ಜ್ವರ ಬಿಡುತ್ತಿಲ್ಲ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಕಲೆ, ಸ್ಕ್ಯಾನಿಂಗಿನಲ್ಲಿ ಯಕೃತ್ತಿನಲ್ಲೋ ಗುಲ್ಮದಲ್ಲೋ ಕೀವು. ಟಿಬಿ ಇರಬಹುದೆಂದು ಮಾತ್ರೆ ಶುರುಮಾಡಿದ್ದಾರೆ, ಗುಣ ಕಾಣುತ್ತಿಲ್ಲ. ಕರಾವಳಿಯ ವೈದ್ಯರಿಗೆ ಈ ಚಿತ್ರ ಹೊಸದಲ್ಲ. ಕಾರಣ ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲೈ ಎಂಬ ಬ್ಯಾಕ್ಟೀರಿಯಾ ಆಗಿರಬಹುದು. ರೋಗಕ್ಕೆ ಮೆಲಿಯಾಯ್ಡೋಸಿಸ್ ಎನ್ನುತ್ತಾರೆ. ಮಣ್ಣು, ಕೆಸರು ನೀರಿನಲ್ಲಿ ಬದುಕುವ ಈ ಜೀವಿ ಗಾಯದ ಮೂಲಕವೋ ಉಸಿರಿನ ಮೂಲಕವೋ ಒಳಹೊಗುತ್ತದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಇಂಥ ರೋಗಿಗಳನ್ನು ವರ್ಷಗಳಿಂದ ದಾಖಲಿಸುತ್ತ ಬಂದಿದ್ದಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಇದು ತಗಲುತ್ತದೆ, 89,000 ಜನ ಸಾಯುತ್ತಾರೆ ಎಂಬುದು 2016ರಲ್ಲಿ ಪ್ರಕಟವಾದ ಅಂದಾಜು. ಅಷ್ಟಾದರೂ ಎಷ್ಟೋ ಲ್ಯಾಬುಗಳ ವರದಿಯಲ್ಲಿ ಇದರ ಹೆಸರೇ ಬರುವುದಿಲ್ಲ.

ಮೊದಲು ಇದನ್ನು ಬೇರೆಯೆಂದು ಗುರುತಿಸಿದ್ದು ರಂಗೂನಿನಲ್ಲಿ, 1911ರಲ್ಲಿ. ಆಲ್ಫ್ರೆಡ್ ವಿಟ್ಮೋರ್ ಮತ್ತು ಅವರ ಸಹಾಯಕ ಸಿ. ಎಸ್. ಕೃಷ್ಣಸ್ವಾಮಿ ಶವಪರೀಕ್ಷೆಯಲ್ಲಿ ಕಂಡ ಕೀವು ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ರೋಗದ್ದನ್ನೇ ಹೋಲುತ್ತಿತ್ತು. ಆದರೆ ಸತ್ತವರಿಗೆ ಕುದುರೆಯ ಸಹವಾಸವಿರಲಿಲ್ಲ. ಹಲವರು ಮಾರ್ಫೀನ್ ಚುಚ್ಚಿಕೊಳ್ಳುತ್ತಿದ್ದವರು. ಸೂಕ್ಷ್ಮದರ್ಶಕದ ಕೆಳಗೆ ಈ ಬ್ಯಾಕ್ಟೀರಿಯಾ ಓಡಾಡುತ್ತಿತ್ತು. ಗ್ಲ್ಯಾಂಡರ್ಸಿನದು ಓಡಾಡುವುದಿಲ್ಲ. ಅಷ್ಟು ಸಣ್ಣ ವ್ಯತ್ಯಾಸವನ್ನು ಅವರು ಬಿಡಲಿಲ್ಲ.

ಇವತ್ತಿನ ಲ್ಯಾಬಿನಲ್ಲೂ ಕೆಲಸ ಹೆಚ್ಚುಕಡಿಮೆ ಹಾಗೆಯೇ. ಗ್ರಾಮ್ ಸ್ಟೇನ್ ಮಾಡಿದರೆ ಎರಡು ತುದಿ ಮಾತ್ರ ಬಣ್ಣ ಹಿಡಿದ ಕಡ್ಡಿಗಳು ಕಾಣುತ್ತವೆ. ಲ್ಯಾಬಿನವರು ಸೇಫ್ಟಿ ಪಿನ್ ಎನ್ನುವುದು ಇದನ್ನೇ. ಆದರೆ ಬೇರೆ ಬ್ಯಾಕ್ಟೀರಿಯಾಗಳೂ ಹಾಗೆ ಕಾಣುತ್ತವೆ. ಮೊದಲ ದಿನದ ಪ್ಲೇಟಿನಲ್ಲಿ ಕಾಲನಿಗಳು ಸಣ್ಣವು, ನುಣುಪು, ಯಾವ ವಿಶೇಷವೂ ಇಲ್ಲ. ‘ಸ್ಯೂಡೊಮೊನಾಸ್ ಜಾತಿ’ ಎಂದೋ, ಹೊರಗಿನಿಂದ ಬಿದ್ದ ಕಸವೆಂದೋ ಬರೆದು ಕೈತೊಳೆದುಕೊಳ್ಳುವುದು ಈ ಹಂತದಲ್ಲಿ. ಇನ್ನೆರಡು ಮೂರು ದಿನ ಬಿಟ್ಟರೆ ಅವೇ ಕಾಲನಿಗಳು ಒಣಗಿ, ಸುಕ್ಕುಗಟ್ಟುತ್ತವೆ. ಕಫದಂಥ ಸ್ಯಾಂಪಲಿನಲ್ಲಿ ಉಳಿದ ಬ್ಯಾಕ್ಟೀರಿಯಾಗಳು ಇದನ್ನು ಮುಚ್ಚಿಬಿಡುತ್ತವೆ. ಅದಕ್ಕೆಂದೇ ಜೆಂಟಾಮೈಸಿನ್ ಬೆರೆಸಿದ ಆಶ್‌ಡೌನ್ ಅಗಾರ್ ಇದೆ. ಅದರ ಮೇಲೆ ಸುಕ್ಕುಗಳು ನೇರಳೆ ಬಣ್ಣ ಹಿಡಿಯುತ್ತವೆ. ಪ್ಲೇಟಿನ ವಾಸನೆ ನೋಡುವ ಹಳೆಯ ಅಭ್ಯಾಸ ಮಾತ್ರ ಇಲ್ಲಿ ಬೇಡವೇ ಬೇಡ. ಉಸಿರಿನಲ್ಲಿ ಹೋದರೆ ನೋಡಿದವರಿಗೇ ರೋಗ.

ಯಂತ್ರಕ್ಕೆ ಕೊಟ್ಟರಾಯಿತಲ್ಲ ಎನ್ನಬಹುದು. ಮಾಲ್ಡಿ-ಟಾಫ್ ಯಂತ್ರ ಲೇಸರ್ ಬಡಿದು, ಬ್ಯಾಕ್ಟೀರಿಯಾದ ಪ್ರೋಟೀನುಗಳ ತೂಕ ಅಳೆದು, ತನ್ನ ಪಟ್ಟಿಯೊಡನೆ ಹೋಲಿಸಿ ನಿಮಿಷಗಳಲ್ಲಿ ಹೆಸರು ಹೇಳುತ್ತದೆ. ಪಟ್ಟಿಯಲ್ಲಿ ಈ ಹೆಸರಿಲ್ಲದಿದ್ದರೆ? ಹತ್ತಿರದ ನೆಂಟ ಬರ್ಖೋಲ್ಡೇರಿಯಾ ಥೈಲ್ಯಾಂಡೆನ್ಸಿಸ್‌ನ ಹೆಸರು ಹೇಳುತ್ತದೆ. ಅದು ಮನುಷ್ಯರಿಗೆ ರೋಗ ತರುವುದೇ ಅಪರೂಪ! ಜೈವಿಕ ಅಸ್ತ್ರವಾಗಬಲ್ಲ ಜೀವಿಯೆಂದು ಸ್ಯೂಡೋಮ್ಯಾಲೈಯನ್ನು ಯಂತ್ರದ ಸಾಮಾನ್ಯ ಪಟ್ಟಿಯಿಂದ ಹೊರಗಿಟ್ಟದ್ದೂ ಉಂಟು. ರೋಗ ಇರುವ ಊರಿನ ಲ್ಯಾಬಿಗೆ ಇದಕ್ಕಿಂತ ಕೆಟ್ಟ ಏರ್ಪಾಡು ಇನ್ನೊಂದಿಲ್ಲ ಎಂದು ನನಗನಿಸುತ್ತದೆ. ಇನ್ನು ಕೆಲವು ಸ್ವಯಂಚಾಲಿತ ಯಂತ್ರಗಳು ಇದೇ ಕುಲದ ಬರ್ಖೋಲ್ಡೇರಿಯಾ ಸೆಪೇಸಿಯಾ ಎಂದು ವರದಿ ಕೊಡುತ್ತವೆ.

ನನಗೆ ಮೆಚ್ಚುಗೆಯಾಗಿರುವುದು ಮೂರು ಅಗ್ಗದ ಡಿಸ್ಕುಗಳ ಪರೀಕ್ಷೆ. ಆಕ್ಸಿಡೇಸ್ ಪಾಸಿಟಿವ್ ಕಾಲನಿಯನ್ನು ಪ್ಲೇಟಿನ ಮೇಲೆ ಸವರಿ ಜೆಂಟಾಮೈಸಿನ್, ಕೊಲಿಸ್ಟಿನ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಡಿಸ್ಕುಗಳನ್ನಿಟ್ಟು ಮರುದಿನ ನೋಡುವುದು. ಮೊದಲ ಎರಡರ ಸುತ್ತ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆದಿದ್ದು, ಮೂರನೆಯದರ ಸುತ್ತ ಖಾಲಿ ವೃತ್ತ ಕಂಡರೆ ಅನುಮಾನ ಗಟ್ಟಿ. ಲೇಟೆಕ್ಸ್ ಪರೀಕ್ಷೆ ಅಥವಾ ಪಿಸಿಆರ್ ಮಾಡಿ ಖಚಿತಪಡಿಸಬಹುದು. ಮಲೇಷ್ಯಾದ ಸರವಾಕ್‌ನಲ್ಲಿ ಜೆಂಟಾಮೈಸಿನ್‌ಗೆ ಬಗ್ಗುವ ತಳಿಗಳೂ ಇವೆ, ಅಲ್ಲಿ ಈ ಲೆಕ್ಕ ಕೈಕೊಡುತ್ತದೆ. ಹೆಸರು ಸರಿಯಾದರೆ ಮದ್ದೂ ಸರಿ: ಕನಿಷ್ಠ ಹತ್ತು ಹದಿನಾಲ್ಕು ದಿನ ಸೆಫ್ಟಾಜಿಡೀಮ್ ಅಥವಾ ಮೆರೋಪೆನೆಮ್ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್ ಮಾತ್ರೆ.

ಗದ್ದೆಯೇ ಇಲ್ಲದ ಕಡೆ ಅನುಮಾನ ಹುಟ್ಟುವುದು ಹೇಗೆ? 2021ರಲ್ಲಿ ಅಮೆರಿಕದ ಕಾನ್ಸಸ್, ಮಿನೆಸೋಟ, ಟೆಕ್ಸಸ್, ಜಾರ್ಜಿಯಾಗಳಲ್ಲಿ ಒಬ್ಬೊಬ್ಬರಿಗೆ ಈ ರೋಗ ಬಂತು, ಇಬ್ಬರು ತೀರಿಕೊಂಡರು. ಯಾರೂ ವಿದೇಶಕ್ಕೆ ಹೋದವರಲ್ಲ. ನಾಲ್ವರಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಜೀನೋಮ್ ಒಂದೇ ಮೂಲದ್ದು, ದಕ್ಷಿಣ ಏಷ್ಯಾದ ತಳಿಗಳ ನೆಂಟ. ಕೊನೆಗೆ ಅಕ್ಟೋಬರಿನಲ್ಲಿ ಜಾರ್ಜಿಯಾದ ರೋಗಿಯ ಮನೆಯಲ್ಲಿದ್ದ ರೂಮ್ ಸ್ಪ್ರೇ ಸೀಸೆಯಲ್ಲಿ ಅದು ಸಿಕ್ಕಿತು. ಸ್ಪ್ರೇ ತಯಾರಾದದ್ದು ಭಾರತದಲ್ಲಿ. ಮಾರಾಟಕ್ಕಿಟ್ಟಿದ್ದ ಸುಮಾರು 3,900 ಸೀಸೆಗಳನ್ನು ವಾಪಸ್ ಕರೆಸಿಕೊಂಡರು.