ಮೇದೋಜೀರಕ ಗ್ರಂಥಿಯ ಅರ್ಬುದ: ಪತ್ತೆಯ ಬಗೆ

ಜಠರದ ಹಿಂದೆ ಹುದುಗಿರುವ ಮೇದೋಜೀರಕ ಗ್ರಂಥಿಯ ಗಡ್ಡೆಯು ಹೊಟ್ಟೆ ಒತ್ತಿ ನೋಡುವ ವೈದ್ಯರ ಕೈಗೆ ಸುಲಭವಾಗಿ ಸಿಗದು. ಐವತ್ತು ದಾಟಿದವರಲ್ಲಿ ನೋವಿಲ್ಲದೆ ಕಾಮಾಲೆ ತಲೆದೋರಿ, ಮೂತ್ರ ಕಪ್ಪಾಗಿ, ಮಲ ಬಿಳಿಚಿ, ಮೈ ತುರಿಸತೊಡಗಿದರೆ ಪಿತ್ತನಾಳ ಮುಚ್ಚಿರಬಹುದು. ನಮ್ಮಲ್ಲಿ ಕೆಲವರು ಆಗ ಊರಿನ ಬಸ್ಸು ಹತ್ತಿ ಸೊಪ್ಪಿನ ಮದ್ದಿಗೆ ಹೊರಡುವುದುಂಟು. ಹೀಗೆ ಕಳೆದ ವಾರಗಳು ಮರಳಿ ಬಾರವು. ಮೊದಲು ಸೋನೋಗ್ರಫಿಯಾಗಲಿ. ಅದರಲ್ಲಿ ಪಿತ್ತನಾಳ ಹಿಗ್ಗಿರುವುದು ಕಂಡರೂ ಗಡ್ಡೆಯು ಕರುಳಿನ ವಾಯುವಿನ ಮರೆಯಲ್ಲಿ ಅಡಗಬಹುದು. ಆದಕಾರಣ ರಕ್ತನಾಳಕ್ಕೆ ಔಷಧ ಚುಚ್ಚಿ ಸಿ.ಟಿ. ಸ್ಕ್ಯಾನ್ ಮಾಡುವರು. ಗಡ್ಡೆಯು ಪಕ್ಕದ ರಕ್ತನಾಳಗಳನ್ನು ಸುತ್ತಿಕೊಂಡಿದೆಯೇ, ಶಸ್ತ್ರಕ್ರಿಯೆ ಸಾಧ್ಯವೇ ಎಂಬುದೂ ಇದರಿಂದಲೇ ತಿಳಿಯುವುದು. ಅಗತ್ಯವಿದ್ದರೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಸೂಜಿಯಿಂದ ಜೀವಕೋಶಗಳನ್ನು ತೆಗೆದು ಪರೀಕ್ಷಿಸುವರು. ಸಿ.ಎ. 19-9 ಎಂಬ ರಕ್ತಪರೀಕ್ಷೆಯೊಂದನ್ನೇ ನಂಬಲಾಗದು. ಬರಿಯ ಕಾಮಾಲೆಯಿಂದಲೂ ಅದರ ಅಂಕ ಏರಬಹುದು. ಪರೇಲಿನಲ್ಲಿ 1941ರಿಂದಿರುವ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗುವವರು ಹಿಂದಿನ ಸ್ಕ್ಯಾನುಗಳನ್ನು ತಪ್ಪದೆ ಜತೆಗೊಯ್ಯಬೇಕು.