ಎಣ್ಣೆ, ನೀರು ಮತ್ತು ವರ್ತೂರಿನ ನೊರೆ

2015ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್ ಸಮೀಪದ ವರ್ತೂರು ಕೆರೆಯ ಕೋಡಿಯಲ್ಲಿ ಬಿಳಿಯ ನೊರೆ ಆಳೆತ್ತರಕ್ಕೆ ಉಕ್ಕಿ ರಸ್ತೆಗೆ ಹಾರಿದ ದೃಶ್ಯವನ್ನು ನಾಡಿನ ಜನರೆಲ್ಲ ಕಂಡು ಬೆರಗಾದರು. ಇದಕ್ಕೆ ಕಾರ್ಖಾನೆಗಳಷ್ಟೇ ಹೊಣೆಯೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆ ನೊರೆಯ ಜಾಡು ಹಿಡಿದು ನಡೆದರೆ ನಾವು ಬಂದು ನಿಲ್ಲುವುದು ನಮ್ಮ ಮನೆಯ ಬಚ್ಚಲಿನ ಬಳಿಯಲ್ಲಿಯೇ. ಇದನ್ನು ಅರಿಯಲು ರಸಾಯನಶಾಸ್ತ್ರದ ಒಂದು ಸರಳ ತತ್ತ್ವವನ್ನು ತಿಳಿಯುವುದು ಅವಶ್ಯಕ.

ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಬಂಧವನ್ನು ಏರ್ಪಡಿಸಿಕೊಳ್ಳುತ್ತವೆ. ಆದರೆ ಈ ಹಂಚಿಕೆ ಯಾವಾಗಲೂ ಸಮಪಾಲಿನದಲ್ಲ. ಬಂಧದಲ್ಲಿರುವ ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆಯುವ ಪರಮಾಣುವಿನ ಶಕ್ತಿಗೆ ವಿದ್ಯುದೃಣತೆ ಎಂದು ಹೆಸರು. ಅಮೆರಿಕದ ವಿಜ್ಞಾನಿ ಲೈನಸ್ ಪೌಲಿಂಗ್ 1932ರಲ್ಲಿ ಇದಕ್ಕೊಂದು ಅಳತೆಗೋಲನ್ನು ರೂಪಿಸಿದರು. ಇಂದು ಬಳಕೆಯಲ್ಲಿರುವ ಆ ಮಾಪನದಂತೆ ಆಕ್ಸಿಜನ್ನಿನ ಬೆಲೆ 3.44, ಇಂಗಾಲದ್ದು 2.55, ಹೈಡ್ರೋಜನ್ನಿನದು 2.20.

ನೀರಿನಲ್ಲಿ ಆಕ್ಸಿಜನ್ ಮತ್ತು ಹೈಡ್ರೋಜನ್‌ಗಳ ನಡುವಣ ಅಂತರ 1.24. ಆದುದರಿಂದ ಎಲೆಕ್ಟ್ರಾನುಗಳು ಆಕ್ಸಿಜನ್ನಿನತ್ತ ವಾಲಿ, ಆ ತುದಿಯಲ್ಲಿ ಕೊಂಚ ಋಣಾಂಶವೂ ಹೈಡ್ರೋಜನ್ ತುದಿಯಲ್ಲಿ ಕೊಂಚ ಧನಾಂಶವೂ ತಲೆದೋರುತ್ತವೆ. ಇದೇ ಬಂಧದ ಧ್ರುವೀಯತೆ. ನೀರಿನ ಅಣು ಬಾಗಿದ ಆಕಾರದ್ದಾದ ಕಾರಣ ಇಡೀ ಅಣುವೇ ಧ್ರುವೀಯವಾಗಿದೆ. ಎಣ್ಣೆಯಲ್ಲಿ ಹೇರಳವಾಗಿರುವುದು ಇಂಗಾಲ ಮತ್ತು ಹೈಡ್ರೋಜನ್‌ಗಳ ಬಂಧ. ಅಲ್ಲಿನ ಅಂತರ ಕೇವಲ 0.35. ಆದಕಾರಣ ನೀರಿನ ಅಣುಗಳು ತಮ್ಮತಮ್ಮನ್ನೇ ಸೆಳೆದುಕೊಂಡು ಎಣ್ಣೆಯನ್ನು ಹೊರಗಿರಿಸುತ್ತವೆ. ಜಿಡ್ಡಿನ ಪಾತ್ರೆ ಬರಿಯ ನೀರಿಗೆ ಬಗ್ಗದಿರುವುದು ಇದರಿಂದಲೇ.

ಮಾರ್ಜಕದ ಅಣುವಿಗೆ ಎರಡು ಗುಣಗಳೂ ಉಂಟು. ಅದರ ತಲೆ ನೀರನ್ನು ಹಿಡಿಯುತ್ತದೆ. ಇಂಗಾಲದ ಉದ್ದನೆಯ ಬಾಲ ಜಿಡ್ಡನ್ನು ಹಿಡಿಯುತ್ತದೆ. ಗಾಳಿ ಬೆರೆತಾಗ ಇದೇ ಅಣುಗಳು ನೀರಿನ ಪೊರೆಯ ಮೇಲೆ ಸಾಲುಗಟ್ಟಿ, ಗುಳ್ಳೆ ಬೇಗನೆ ಒಡೆಯದಂತೆ ಕಾಯುತ್ತವೆ. ಶುದ್ಧೀಕರಣವಾಗದ ಕೊಳಚೆನೀರಿನೊಡನೆ ಬೆಳ್ಳಂದೂರು ಕೆರೆಗೂ ಅಲ್ಲಿಂದ ವರ್ತೂರಿಗೂ ಸೇರುವ ಮಾರ್ಜಕ ಕೆಸರಿಗೆ ಅಂಟಿಕೊಂಡು ಶೇಖರವಾಗುತ್ತದೆ. ಮಳೆಯ ರಭಸಕ್ಕೆ ಕೆಸರು ಕದಡಿ, ಕೋಡಿಯಲ್ಲಿ ನೀರು ಧುಮುಕಿ ಗಾಳಿ ಬೆರೆತಾಗ ನೊರೆಯ ರಾಶಿ ಏಳುತ್ತದೆ.

ಕೊಳಚೆನೀರನ್ನು ಶುದ್ಧೀಕರಿಸುವುದು ಸರ್ಕಾರದ ಹೊಣೆ, ನಿಜ. ಆದರೆ ಬಚ್ಚಲಿಗೆ ಎಷ್ಟು ಪುಡಿ ಸುರಿಯಬೇಕೆಂಬುದು ನಮ್ಮ ಕೈಯಲ್ಲಿದೆ. ನೊರೆ ಹೆಚ್ಚಿದಷ್ಟೂ ಶುಚಿ ಹೆಚ್ಚೆಂಬುದು ತಪ್ಪು ಕಲ್ಪನೆ. ನಮ್ಮ ಹಿರಿಯರು ಬಳಸುತ್ತಿದ್ದ ಸೀಗೆಕಾಯಿ, ಅಂಟುವಾಳಗಳಲ್ಲಿಯೂ ಇಂಥದೇ ಇಬ್ಬಗೆಯ ಅಣುಗಳಿವೆ. ಅವರು ಅದನ್ನು ಅಳತೆಯರಿತು ಬಳಸುತ್ತಿದ್ದರು. ಗೃಹಿಣಿಯರೂ ಗೃಹಸ್ಥರೂ ಮಕ್ಕಳಿಗೆ ಈ ವಿಷಯವನ್ನು ವಿವರಿಸಿ, ಒಂದು ಚಮಚ ಸಾಲುವಲ್ಲಿ ಎರಡನೆಯದನ್ನು ಹಾಕದಿರುವ ರೂಢಿಯನ್ನು ಮನೆಯಲ್ಲಿ ಬೆಳೆಸುವುದು ಒಳಿತು.